ತೋಳು ನನ್ನದು, ಪ್ರೆಷರ್ರೂ ನನ್ನದೇ

ಪೀಣ್ಯದ ಫ್ಯಾಕ್ಟರಿಯಲ್ಲಿ ಮೋಟಾರಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದಾಗ ಬ್ಲಡ್ ಪ್ರೆಷರ್ ಹೆಸರಲ್ಲಿ ನನಗೆ ಒಂದಲ್ಲ ಒಂದು ಜಗಳ ಗಂಟುಬೀಳುತ್ತಲೇ ಇತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ಮೊದಲ ಸಲ

ಮೂರು ವರ್ಷ ದಿನಗೂಲಿ ಮಾಡಿದ ಮೇಲೆ, ಮೆಡಿಕಲ್ ಪಾಸಾದರೆ ಖಾಯಂ ಮಾಡುತ್ತೇವೆ ಎಂದರು. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಾ ಹೋದೆ. ಡಾಕ್ಟರು ನಿಲ್ಲಿಸಿಕೊಂಡೇ, ಬಿಗಿ ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪಾದರಸ ಏರಿ ಇಳಿಯಿತು.

“ನೂರ ಅರವತ್ತು. ಅನ್‌ಫಿಟ್.”

“ಕೆಳಗಿನದೆಷ್ಟು ಸಾರ್?”

“ನಿನಗ್ಯಾಕಮ್ಮಾ ಅದೆಲ್ಲ?”

“ಹೃದಯ ಹಿಂಡಿದಾಗ ರಕ್ತನಾಳದಲ್ಲಿರೋ ಒತ್ತಡ ಮೇಲಿನ ನಂಬರು, ಸಡಿಲಾದಾಗ ಇರೋದು ಕೆಳಗಿನದು. ಐದು ನಿಮಿಷ ಕೂರಿಸಿ, ಬರಿ ತೋಳಿಗೆ ಕಟ್ಟಿ ನೋಡ್ಬೇಕು. ರದ್ದಿ ಅಂಗಡೀಲಿ ಕೊಂಡ ಪುಸ್ತಕದಲ್ಲಿ ಓದಿದೀನಿ.”

“ಎಷ್ಟನೇ ಕ್ಲಾಸು ನೀನು?”

“ನಾಲ್ಕು. ಪುಸ್ತಕ ಅದನ್ನೇನೂ ಕೇಳಲಿಲ್ಲ ಸಾರ್.”

“ಹದಿನೈದು ದಿನ ಬಿಟ್ಟು ಬಾ. ಅದೇ ಕೊನೇ ಚಾನ್ಸು!” ಎಂದು ಕೆಂಪಗಾದರು. ಆ ಮುಖದ ಪ್ರೆಷರ್ ಅಳೆಯಲು ಆ ಡಬ್ಬಿಯ ಪಾದರಸ ಸಾಲುತ್ತಿರಲಿಲ್ಲ.

೨. ಓನರಮ್ಮ

ಸುದ್ದಿ ನನಗಿಂತ ಮೊದಲೇ ವಠಾರ ಮುಟ್ಟಿತ್ತು. ಮನೆ ಓನರಮ್ಮ ನಲ್ಲಿಗೆ ಅಡ್ಡ ನಿಂತರು. “ನಿಂಗೆ ಬೀಪಿ ಐತಂತಲ್ಲ? ನಲ್ಲಿ ಮುಟ್ಬೇಡ, ಮಕ್ಳುಮರಿ ಇರೋ ಮನೆ.”

“ಬೀಪಿ ಎಲ್ರಿಗೂ ಇರುತ್ತೆ ಕಣ್ರಮ್ಮ. ಇಲ್ದೇ ಇರೋರನ್ನ ಹೊತ್ಕೊಂಡು ಹೋಗ್ತಾರೆ.”

“ನಮ್ ವಂಸದಾಗೆ ಯಾರ್ಗೂ ಇಲ್ಲ, ದೇವ್ರು ದೊಡ್ಡೋನು!”

೩. ಬಾಯಿ ಮುಚ್ಚಿದ ದಿನ

ಸಡಿಲ ರವಿಕೆ ಹೊಲಿಸಿಕೊಂಡು, ಅರ್ಧ ಗಂಟೆ ಮೊದಲೇ ಹೋಗಿ ಕೂತೆ. ಮಾತಾಡಿದರೂ ಸಿಟ್ಟಾದರೂ ಪಾದರಸ ಏರುತ್ತದೆಂದು ಪುಸ್ತಕದಲ್ಲಿತ್ತು. ಡಾಕ್ಟರು ಪಟ್ಟಿ ಕಟ್ಟುವ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಬಂದು ಎದುರಿಗೇ ಕೂತರು.

“ಹೆಂಗಸರನ್ನ ಖಾಯಂ ಮಾಡೋದೇ ದಂಡ ಡಾಕ್ಟ್ರೇ. ಅರ್ಧ ದಿನ ಹರಟೆ, ಅರ್ಧ ದಿನ ರಜ. ಈಯಮ್ಮನ ಕೆಲಸ ಮಷೀನೇ ಮಾಡುತ್ತೆ.”

ಅವರ ಮಷೀನು ಕೆಡಿಸಿದ ಕಾಯಿಲ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದವಳು ನಾನು. ಹಲ್ಲು ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ.

“ನೂರ ಇಪ್ಪತ್ತೆಂಟು, ಎಂಬತ್ತೆರಡು. ಫಿಟ್.”

“ಸೈನು ಆಯ್ತಾ ಸಾರ್?”

“ಆಯ್ತು.”

“ಸೀಲು?”

“ಹಾಕ್ದೆ.”

ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿದೆ. ಮ್ಯಾನೇಜರ್ ಕಡೆ ತಿರುಗಿ, ಮೂರು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮುಗಿಸುವಷ್ಟರಲ್ಲಿ ಅವರು ಷರಟಿನ ತೋಳು ಮಡಿಸುತ್ತಿದ್ದರು.

“ಡಾಕ್ಟ್ರೇ, ನಂದೂ ಸ್ವಲ್ಪ ನೋಡಿ.”

“ಮೊದಲು ಐದು ನಿಮಿಷ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸಾರ್,” ಅಂದೆ. “ನಾನು ಕೂತಿರ್ಲಿಲ್ವಾ?”