ಪರಿವಾರ ಸಮೇತ ಮದರ್ ಬೋರ್ಡ್

ಇದು ನಡೆದದ್ದು ಕಳೆದ ವರ್ಷ, ಮಳೆಗಾಲದ ಆಟಿ ತಿಂಗಳಿಗೂ ದೀಪಾವಳಿಗೂ ನಡುವೆ.

ಒಂದು ವಸ್ತುವನ್ನು ಅಂಗಡಿಯಿಂದ ಕೊಂಡು ತರುವವರಿಗೆ ಏನೂ ಆಗುವುದಿಲ್ಲ. ಅದನ್ನೇ ಹೇಳಿ ಮಾಡಿಸಲು ಹೊರಟವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಾನು ಮಾಡಿಸಿದ್ದು ಕಂಪ್ಯೂಟರಿಗೆ ಒಂದು ಮರದ ಪೆಟ್ಟಿಗೆ. ಮಾತುಕತೆಯೆಲ್ಲ ತುಳುವಿನಲ್ಲಿ ನಡೆದದ್ದೇ ಹೆಚ್ಚು. ಓದುವವರ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇನೆ.

೧. ತಗಡಿನ ಪೆಟ್ಟು

ನಿವೃತ್ತಿಯ ನಂತರ ಮೂಡುಬಿದಿರೆಯ ಮನೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಗಲ್ಫಿನ ಆಸ್ಪತ್ರೆಗಳಿಗೆ ಹೋಗಬೇಕೆಂದಿರುವ ನರ್ಸುಗಳು. ಅವರಿಗೆ ಸಂದರ್ಶನ ನಡೆಯುವುದು ಕಂಪ್ಯೂಟರಿನ ತೆರೆಯ ಮೇಲೆ. ಆದ್ದರಿಂದ ಅಭ್ಯಾಸವೂ ಅಲ್ಲಿಯೇ.

ಅವರಲ್ಲಿ ಒಬ್ಬಳು ಬಂಟ್ವಾಳದ ಬಳಿಯ ನರಿಕೊಂಬಿನವಳು. ಅವಳಿಗೆ ಒಮ್ಮೆ ಸಂದರ್ಶನದ ಕರೆ ಬಂದು, ಪೇಟೆಯ ಯಾವುದೋ ಅಂಗಡಿಯ ಕಂಪ್ಯೂಟರ್ ಅರ್ಧದಲ್ಲಿ ಆರಿಹೋಗಿ, ಆ ಅವಕಾಶ ಕೈತಪ್ಪಿತ್ತು. ಬಹಳ ಬೇಡಿಕೊಂಡ ಮೇಲೆ ಆಸ್ಪತ್ರೆಯವರು ದೀಪಾವಳಿಗೆ ಮುಂಚೆ ಇನ್ನೊಮ್ಮೆ ಕರೆಯಲು ಒಪ್ಪಿದ್ದರು. ಮೊಬೈಲ್ ಕೂಡದು, ಸರಿಯಾದ ಕಂಪ್ಯೂಟರ್ ಇರಬೇಕು, ಮತ್ತೊಂದು ಅವಕಾಶ ಕೇಳಬಾರದು ಎಂದು ಖಚಿತವಾಗಿ ತಿಳಿಸಿದ್ದರು. ನರಿಕೊಂಬಿನ ಅವಳ ಮನೆಗೆ ಇಂಟರ್ನೆಟ್ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಅವಳ ಭವಿಷ್ಯ ನನ್ನ ಮನೆಯ ಹಾಲಿನ ಮೂಲೆಯಲ್ಲಿದ್ದ ಯಂತ್ರದ ಮೇಲೆ ನಿಂತಿತು.

ಆ ಯಂತ್ರದ ತಗಡಿನ ಪೆಟ್ಟಿಗೆ ಮಳೆಗಾಲದಲ್ಲಿ ಮುಟ್ಟಿದವರಿಗೆ ಕರೆಂಟು ಹೊಡೆಯುತ್ತಿತ್ತು. ಆಟಿಯ ಒಂದು ಸಂಜೆ ಆ ಹುಡುಗಿ ಕೈ ಕೊಡವಿಕೊಂಡು ಹಾರಿ ನಿಂತಳು.

"ಅಯ್ಯೋ ಟೀಚರ್, ಹೊಡೀತದೆ ಇದು!"

"ಪಾಠದ ಸಮಯದಲ್ಲಿ ಕನ್ನಡ ಕೂಡದು. ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ ಹೇಳು."

ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದಳು. "ಟೀಚರ್, ದಿ ಕಂಪ್ಯೂಟರ್ ಈಸ್ ಬೀಟಿಂಗ್ ಮಿ."

ಕರ್ತೃ, ಕ್ರಿಯಾಪದ, ಕಾಲ ಎಲ್ಲವೂ ಸರಿಯಾಗಿದ್ದವು. ತಿದ್ದಬೇಕಾದದ್ದು ಕಂಪ್ಯೂಟರನ್ನು ಮಾತ್ರ.

೨. ಒಳಗೆ ಯಾರು

ಕಂಪ್ಯೂಟರ್ ರಿಪೇರಿಯವರು ಮಾಣಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಬ್ಯಾರಿ ಯುವಕ. ಅವರು ಬಂದು ನೋಡಿ, ಮನೆಯ ಅರ್ತಿಂಗನ್ನು ಸರಿಪಡಿಸಿದರು. ತಗಡು ತುಕ್ಕು ಹಿಡಿದಿದೆ, ಬೇರೆ ಪೆಟ್ಟಿಗೆ ತರಿಸುವ ಎಂದರು. ಮೊಬೈಲಿನಲ್ಲಿ ಅವರು ತೋರಿಸಿದ ಪೆಟ್ಟಿಗೆಗಳೆಲ್ಲ ಗಾಜಿನವು; ಒಳಗೆ ನೀಲಿ, ಗುಲಾಬಿ ದೀಪಗಳು ತಿರುಗುತ್ತಿದ್ದವು. ಅಂಥದನ್ನು ನನ್ನ ಹಾಲಿನಲ್ಲಿ ಇರಿಸಲಾಗದು ಎಂದೆ.

ನಾನು ಓದಿದ ಕಾನ್ವೆಂಟಿನ ಪಾರ್ಲರಿನಲ್ಲಿ, ಎಂದರೆ ಅತಿಥಿಗಳ ಕೋಣೆಯಲ್ಲಿ, ಒಂದು ರೇಡಿಯೊ ಇತ್ತು. ಹೆಗಲುಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದವು, ಮುಂಭಾಗದಲ್ಲಿ ಉದಯಿಸುವ ಸೂರ್ಯನ ಕಿರಣಗಳಂತೆ ಪಟ್ಟಿಗಳು, ಮೂಲೆಗಳೆಲ್ಲ ದುಂಡಗೆ. ಆ ಶೈಲಿಗೆ ಆರ್ಟ್ ಡೆಕೊ ಎಂಬ ಹೆಸರೆಂದು ನನಗೆ ತಿಳಿದದ್ದು ಬಹಳ ಕಾಲದ ನಂತರ. ಮಾಡಿಸಿದರೆ ಅಂಥದನ್ನೇ ಮಾಡಿಸಬೇಕೆಂದು ನಿಶ್ಚಯಿಸಿ, ಬೆಳ್ತಂಗಡಿಯ ಲಾಯಿಲದಲ್ಲಿರುವ ಆಚಾರ್ಯರಲ್ಲಿಗೆ ಹೋದೆ. ಗುಡಿಗಳ ಮರಗೆಲಸದಲ್ಲಿ ಅವರಿಗೆ ಒಳ್ಳೆಯ ಹೆಸರು.

"ಆರ್ಟ್ ಡೆಕೊ ಶೈಲಿಯಲ್ಲಿ ಒಂದು ಪೆಟ್ಟಿಗೆ ಆಗಬೇಕು," ಎಂದೆ.

"ಡೆಕೊರೇಶನ್ನಾ? ಅದು ಶಾಮಿಯಾನದವರ ಹತ್ರ ಕೇಳ್ಬೇಕು ಟೀಚರೇ."

ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರ ಮುಖ ಅರಳಿತು. "ಓ, ಹಳೇ ಟಾಕೀಸಿನ ಮೋರೆ! ಹಾಗೆ ಹೇಳಿ ಮಾರಾಯ್ರೆ. ಹಲಸಿನ ಮರದಲ್ಲಿ ಮಾಡುವ, ಕಿರಣಕ್ಕೆ ಬೀಟೆ ಕೂರಿಸುವ. ಆದ್ರೆ ಒಳಗೆ ಯಾರು ಇರುವುದು?"

"ಯಾರೂ ಅಲ್ಲ. ಮದರ್ ಬೋರ್ಡ್."

ಆಚಾರ್ಯರು ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದರು. "ಮದರ್ ಅಂದ್ರೆ ಅಪ್ಪೆ ಅಲ್ವಾ?"

"ತಾಯಿ ಎಂಬುದೇ ಅರ್ಥ. ಆದರೆ ಇದು ಒಂದು ಹಲಗೆ."

"ಗೊತ್ತಾಯ್ತು. ಕೆಲವು ಕಡೆ ಮೂರ್ತಿ ಇರುವುದಿಲ್ಲ, ಹಲಗೆಯೇ ಇರುವುದು. ಅಮ್ಮನ ಜೊತೆ ಬೇರೆ ಯಾರು?"

"ಪ್ರೊಸೆಸರ್, ಹಾರ್ಡ್ ಡಿಸ್ಕ್, ಎರಡು ಫ್ಯಾನು."

"ಹಾಗಾದ್ರೆ ಪರಿವಾರ ಸಮೇತ," ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು. "ಆಟಿಯಲ್ಲಿ ಅಮ್ಮನಿಗೆ ಮನೆ ಶುರು ಮಾಡುವುದು ಬೇಡ ಟೀಚರೇ. ಮುಂದಿನ ತಿಂಗಳು ಸೋಣ ಬರ್ಲಿ."

ಮದರ್ ಎಂದರೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸುಪೀರಿಯರ್ ಎಂದು ಮಾತ್ರ ತಿಳಿದು ಬೆಳೆದವಳು ನಾನು. ಆ ಮದರಿಗೂ ಅವಸರದ ಕೆಲಸ ಹಿಡಿಸುತ್ತಿರಲಿಲ್ಲ. ಆದ್ದರಿಂದ ವಾದಿಸಲಿಲ್ಲ.

೩. ಆಯ

ಸೋಣ ಬಂತು. ಒಳಗಿನ ಹಲಗೆಯ ಅಳತೆಗೆ ಸರಿಯಾಗಿ ನಾನೂ ರಿಪೇರಿಯವರೂ ರಟ್ಟಿನ ಮಾದರಿ ಮಾಡಿ ಕೊಟ್ಟಿದ್ದೆವು. ಪೆಟ್ಟಿಗೆ ಮನೆಗೆ ಬಂದಾಗ ಅದು ಮಾದರಿಗಿಂತ ಎಲ್ಲ ಕಡೆಯಲ್ಲೂ ಎರಡು ಬೆರಳು ದೊಡ್ಡದಾಗಿತ್ತು. ಆನ್ ಮಾಡುವ ಗುಂಡಿಗೆ ಅದರ ತಂತಿ ಎಟುಕಲಿಲ್ಲ. ಫ್ಯಾನಿನ ಮೊಳೆಗಳು ಗಾಳಿಯಲ್ಲಿ ನಿಂತವು.

"ಆಚಾರ್ರೇ, ಎಂತ ಇದು?" ಎಂದು ರಿಪೇರಿಯವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಳತೆ ಕೊಟ್ಟದ್ದಲ್ವಾ?"

"ಕೊಟ್ಟಿದ್ದೀರಿ. ಆ ಅಳತೆಗೆ ವಾಸ್ತುವಿನ ಆಯ ಲೆಕ್ಕ ಹಾಕಿದ್ರೆ ಮರಣ ಬರ್ತದೆ. ಯಾರಾದ್ರೂ ಇರುವ ಜಾಗವನ್ನು ಹಾಗೆ ಕಟ್ಲಿಕ್ಕಿಲ್ಲ. ಎರಡು ಬೆರಳು ಹೆಚ್ಚಿಸಿದೆ, ಈಗ ವೃದ್ಧಿ."

"ಕಂಪ್ಯೂಟರಿಗೆ ಎಂತದ್ದು ಆಯ ಮಾರಾಯ್ರೆ! ಜಗತ್ತಿನಲ್ಲಿ ಯಾರೂ ನೋಡುದಿಲ್ಲ."

"ಅದಕ್ಕೇ ನಿಮ್ಮ ಅಂಗಡಿಯಲ್ಲಿ ಅಷ್ಟು ಕಂಪ್ಯೂಟರ್ ಸತ್ತು ಬಿದ್ದಿರುವುದು."

ರಿಪೇರಿಯವರು ಉದ್ದದ ತಂತಿ, ಉದ್ದದ ಮೊಳೆ ತಂದು ಎಲ್ಲವನ್ನೂ ಕೂರಿಸಿದರು. ಪೆಟ್ಟಿಗೆ ನೋಡಲು ನಿಜಕ್ಕೂ ಸುಂದರವಾಗಿತ್ತು: ಜೇನಿನ ಬಣ್ಣದ ಹಲಸು, ಅದರೊಳಗಿನಿಂದ ಹೊಮ್ಮುವ ಕಪ್ಪು ಕಿರಣಗಳು. ನಾನು ಅಡುಗೆಮನೆಯಲ್ಲಿ ಇಬ್ಬರಿಗೂ ಚಹಾ ಸೋಸುತ್ತಿರುವಾಗ, ಹಾಲಿನಲ್ಲಿ ರಿಪೇರಿಯವರು ಬಹಳ ತಗ್ಗಿದ ದನಿಯಲ್ಲಿ ಆಚಾರ್ಯರಿಗೆ ತಮ್ಮ ಅಂಗಡಿಯ ಬಾಗಿಲಿನ ಅಳತೆ ಹೇಳುತ್ತಿರುವುದು ಕೇಳಿಸಿತು.

೪. ಕೆಂಪು ದೀಪ

ಆ ಮೇಲೆ ಮನೆಗೆ ಬಂದವರೆಲ್ಲರೂ ಪೆಟ್ಟಿಗೆಯನ್ನು ತಮಗೆ ತೋಚಿದಂತೆ ಕಂಡರು. ಪಕ್ಕದ ಮನೆಯ ಹೋಟೆಲಿನವರು, ಇಂಥದೊಂದು ಗಲ್ಲಾಪೆಟ್ಟಿಗೆ ತಮಗೂ ಬೇಕೆಂದರು. ಬಸದಿಯ ಪುರೋಹಿತರು ನಮ್ಮ ದೂರದ ನೆಂಟರು. ಅವರು ಹೊಸ್ತಿಲಲ್ಲೇ ಕೈಮುಗಿದು, "ಯಾವ ತೀರ್ಥಂಕರರನ್ನು ಕೂರಿಸಿದ್ದೀರಿ?" ಎಂದು ಕೇಳಿದರು. ಇನ್ನೂ ಯಾರನ್ನೂ ಕೂರಿಸಿಲ್ಲ, ವಿಂಡೋಸ್ ಹಾಕಿಸಬೇಕಷ್ಟೇ ಎಂದೆ. ಗರ್ಭಗುಡಿಗೆ ಕಿಟಕಿ ಇಡುವ ಕ್ರಮವಿಲ್ಲವೆಂದು ತಿಳಿಸಿ ಅವರು ಹೊರಟುಹೋದರು.

ಶಾಲೆಯಲ್ಲಿ ನನಗಿಂತ ಒಂದು ತರಗತಿ ಮುಂದಿದ್ದು, ಬಳಿಕ ಕಾನ್ವೆಂಟ್ ಸೇರಿ ಸಿಸ್ಟರ್ ಆದವರೊಬ್ಬರು ಈಗ ಬಂಟ್ವಾಳದಲ್ಲಿ ವಿಶ್ರಾಂತಿಯಲ್ಲಿದ್ದಾರೆ. ತಿಂಗಳಿಗೊಮ್ಮೆ ಬಂದು ನನ್ನ ವಿದ್ಯಾರ್ಥಿನಿಯರ ಉಚ್ಚಾರಣೆಯನ್ನು ಪರೀಕ್ಷಿಸುತ್ತಾರೆ. ಅವರು ಹಾಲಿಗೆ ಕಾಲಿಟ್ಟಾಗ ಮುಸ್ಸಂಜೆ. ಮೂಲೆಯಲ್ಲಿ ಸೂರ್ಯಕಿರಣಗಳ ಪೆಟ್ಟಿಗೆ, ಅದರ ಮುಖದಲ್ಲಿ ಕರೆಂಟು ಇದೆಯೆಂದು ತೋರಿಸುವ ಒಂದು ಪುಟ್ಟ ಕೆಂಪು ದೀಪ. ಇಗರ್ಜಿಯಲ್ಲಿ ಪವಿತ್ರ ರೊಟ್ಟಿ ಇರಿಸುವ ಪರಮ ಪ್ರಸಾದದ ಪೆಟ್ಟಿಗೆಯ ಬಳಿ ಉರಿಯುವುದು ಅಂಥದೇ ದೀಪ. ಸಿಸ್ಟರ್ ತಟ್ಟನೆ ಬಲಮೊಣಕಾಲನ್ನು ನೆಲಕ್ಕೂರಿ, ಶಿಲುಬೆಯ ಗುರುತು ಹಾಕಿ, ತಲೆ ಬಾಗಿಸಿದರು.

ಅಷ್ಟರಲ್ಲಿ ಪೆಟ್ಟಿಗೆ ಗುಂಯ್ ಎಂದಿತು.

"ಏನಿದು?" ಎಂದರು, ಮೊಣಕಾಲೂರಿಕೊಂಡೇ.

"ಕಂಪ್ಯೂಟರ್, ಸಿಸ್ಟರ್."

ಅವರು ಕುರ್ಚಿ ಹಿಡಿದು ನಿಧಾನವಾಗಿ ಎದ್ದರು. ಸೀರೆಯ ಧೂಳನ್ನು ಕೊಡವಿದರು. ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಬಗ್ಗಿಸಿದ ಮೊಣಕಾಲನ್ನು ಹಿಂದಕ್ಕೆ ಪಡೆಯುವ ಕ್ರಮ ನಮ್ಮಲ್ಲಿ ಇಲ್ಲ. ಇನ್ನು ಮುಂದೆ ಇದು ಸರಿಯಾಗಿ ನಡೆದುಕೊಳ್ಳಲಿ."

೫. ಹೆರಿಗೆ

ಅದು ಸರಿಯಾಗಿ ನಡೆದುಕೊಳ್ಳಲಿಲ್ಲ. ನವರಾತ್ರಿಯ ಹೊತ್ತಿಗೆ ಪಾಠದ ನಡುವೆ ಬಿಸಿಯಾಗಿ ತಾನಾಗಿಯೇ ಆರಲು ತೊಡಗಿತು. ನರಿಕೊಂಬಿನ ಹುಡುಗಿಯ ಮುಖ ಬಿಳಿಚಿಕೊಂಡಿತು. ಹಿಂದಿನ ಸಲ ಅಂಗಡಿಯಲ್ಲಿ ಆದದ್ದೂ ಹೀಗೆಯೇ.

ರಿಪೇರಿಯವರು ಬಂದು ಹಿಂಭಾಗಕ್ಕೆ ಟಾರ್ಚ್ ಹಾಯಿಸಿದರು. ಫ್ಯಾನಿನ ಗಾಳಿಗೆಂದು ಆಚಾರ್ಯರು ಕೊರೆದಿದ್ದ ರಂಧ್ರಗಳಿಗೆ ಕಣಜವೊಂದು ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಗೂಡು ಮಾಡಿತ್ತು.

"ಒಂದು ಕಡ್ಡಿ ಹಾಕಿದ್ರೆ ಮುಗೀತು ಟೀಚರ್."

"ಹಾಕಕೂಡದು. ಒಳಗೆ ಮರಿ ಇದೆ."

"ಕಣಜದ ಮರಿ ಟೀಚರ್ ಅದು!"

"ನಾನು ಜೈನಳು. ಯಾರ ಮರಿ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ."

ಮರಿ ಹೊರಬರುವವರೆಗೆ ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದಿಟ್ಟು, ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ ಪಾಠ ನಡೆಸಿದೆವು. ವಿದ್ಯಾರ್ಥಿನಿಯರೂ ನಾನೂ ಬೆವರಿದೆವು. ಯಂತ್ರ ಮಾತ್ರ ತಂಪಾಗಿತ್ತು. ಹುಡುಗಿ ದಿನವೂ ಬಂದೊಡನೆ ಹಿಂದೆ ಬಗ್ಗಿ ನೋಡುತ್ತಿದ್ದಳು. ಸಂದರ್ಶನಕ್ಕೆ ಕೆಲವೇ ದಿನ ಇರುವಾಗ ಮಣ್ಣಿನಲ್ಲಿ ತೂತು ಕಾಣಿಸಿತು, ಗೂಡು ಖಾಲಿಯಾಗಿತ್ತು; ಮಣ್ಣನ್ನು ಕೆರೆದು ತೆಗೆದೆವು.

ಆಗ ರಿಪೇರಿಯವರ ಫೋನ್ ಬಂತು. ಕಂಪ್ಯೂಟರಿನ ಕೇಸು ಏನಾಯಿತು ಎಂದು ಅವರು ಕೇಳಿದರು. ನನ್ನ ಕೈಯಿಂದ ಫೋನು ತೆಗೆದುಕೊಂಡು ಹುಡುಗಿ ಹೇಳಿದಳು: "ಡೆಲಿವರಿ ಕೇಸ್. ನಾರ್ಮಲ್. ಡಿಸ್ಚಾರ್ಜ್ ಆಯ್ತು."

೬. ಒಪ್ಪಿಸಿಕೊಡುವಿಕೆ

ಸಂದರ್ಶನದ ದಿನ ಬೆಳಿಗ್ಗೆ ಹುಡುಗಿ ತಾಯಿಯೊಂದಿಗೆ ಬಂದಳು. ಸಿಸ್ಟರ್ ಅವಳಿಗಾಗಿ ಪ್ರಾರ್ಥಿಸಲು ಬಂದಿದ್ದರು. ಯಂತ್ರವನ್ನು ಕಾಯಲು ರಿಪೇರಿಯವರು ಬಂದಿದ್ದರು. ಎಲ್ಲರನ್ನೂ ಹಿಂದಿನ ಕೋಣೆಗೆ ಕಳುಹಿಸುವುದೆಂದು ನಾನು ವ್ಯವಸ್ಥೆ ಮಾಡಿದ್ದೆ. ಅಷ್ಟರಲ್ಲಿ ಲಾಯಿಲದಿಂದ ಆಚಾರ್ಯರು ಹೆಂಡತಿಯ ಸಮೇತ, ತೆಂಗಿನಕಾಯಿ ಮತ್ತು ಹಣ್ಣಿನ ತಟ್ಟೆಯೊಂದಿಗೆ ಒಳಗೆ ಬಂದರು.

"ಮುಗಿಸಿದ ಕೆಲಸ ನಿಮಗೆ ಬಿಟ್ಟುಕೊಡುವ ಶಾಸ್ತ್ರ ಬಾಕಿ ಉಂಟಲ್ಲ ಟೀಚರೇ. ಇವತ್ತು ದಿನ ಒಳ್ಳೇದುಂಟು."

"ಇವತ್ತು ಆಗದು. ನಾಳೆ ಬನ್ನಿ."

"ನಾಳೆ ದಿನ ಒಳ್ಳೇದಿಲ್ಲ. ಬಿಟ್ಟುಕೊಡದೆ ದೊಡ್ಡ ಕೆಲಸಕ್ಕೆ ಕೂತರೆ ಅಮ್ಮ ಅರ್ಧದಲ್ಲಿ ಎದ್ದು ಹೋಗ್ತಾರೆ. ಮತ್ತೆ ನನ್ನನ್ನು ಹೇಳ್ಬೇಡಿ."

ಅರ್ಧದಲ್ಲಿ ಎಂಬ ಮಾತು ಹುಡುಗಿಯ ತಾಯಿಯ ಕಿವಿಗೆ ಬಿತ್ತು. "ಒಮ್ಮೆ ಅರ್ಧದಲ್ಲಿ ಹೋದದ್ದು ಸಾಲದಾ ಟೀಚರ್? ಮಾಡಿಸಿಬಿಡಿ, ನಿಮ್ಮ ಕಾಲು ಹಿಡಿತೇನೆ," ಎಂದು ಅವರು ಅಳಲು ತೊಡಗಿದರು. ಸಿಸ್ಟರ್ ಕಡೆಗೆ ನೋಡಿದೆ. "ಬೇಗ ಮುಗಿಸಲಿ," ಎಂದರು ಅವರು.

ಶಾಸ್ತ್ರದ ಮೊದಲ ಅಂಗ, ಪೆಟ್ಟಿಗೆಯ ಮುಖವನ್ನು ಪೂರ್ವಕ್ಕೆ ತಿರುಗಿಸುವುದು. ಮೇಜನ್ನೇ ತಿರುಗಿಸಲಾಯಿತು. ತಂತಿ ಗೋಡೆಗೆ ಎಟುಕಲಿಲ್ಲ. ಹಳೆಯ ಎಕ್ಸ್‌ಟೆನ್ಶನ್ ಬೋರ್ಡೊಂದನ್ನು ಹುಡುಕಿ ತಂದು ಮೇಜಿನ ಕೆಳಗೆ ಇರಿಸಿದೆವು. ಅದರ ತೂತು ಸಡಿಲ. ಪ್ಲಗ್ಗನ್ನು ಒತ್ತಿ ಹಿಡಿದರೆ ಮಾತ್ರ ಕರೆಂಟು, ಬಿಟ್ಟರೆ ಕತ್ತಲೆ. ಸಿಗ್ನಲ್ ಸಿಗಲು ಇಂಟರ್ನೆಟ್ಟಿನ ಡಬ್ಬವನ್ನು ಕಿಟಕಿಯ ಎತ್ತರಕ್ಕೆ ಯಾರಾದರೂ ಎತ್ತಿ ಹಿಡಿಯಬೇಕಾಯಿತು.

ಕಾಯಿ ಒಡೆಯುವ ಮೊದಲೇ ಕರೆ ಬಂತು. ಹಿಂದಿನ ಕೋಣೆಯ ಬಾಗಿಲು ಈಗ ಹುಡುಗಿಯ ಬೆನ್ನ ಹಿಂದೆ, ಕ್ಯಾಮೆರಾದ ಎದುರಿಗೆ ಇತ್ತು. ಯಾರೂ ಹೊರಗೆ ಹೋಗುವಂತಿರಲಿಲ್ಲ. ಎಲ್ಲರೂ ಗೋಡೆಗೆ ಅಂಟಿಕೊಂಡು ನಿಲ್ಲುವಂತೆ, ಉಸಿರಿನ ಸದ್ದೂ ಕೇಳಿಸದಂತೆ ಇರಲು ಸನ್ನೆ ಮಾಡಿದೆ. ಪ್ಲಗ್ಗಿನ ಜವಾಬ್ದಾರಿಗೆ ಜನ ಉಳಿದಿರಲಿಲ್ಲ. ಅದನ್ನು ನಾನು ವಹಿಸಿಕೊಂಡೆ.

ತೆರೆಯ ಮೇಲೆ ಆಸ್ಪತ್ರೆಯ ಮುಖ್ಯ ನರ್ಸ್ ಬಂದರು. ದನಿ ಬಹಳ ಬಿಗಿ. ಅವರ ಮೊದಲ ಪ್ರಶ್ನೆಯನ್ನು ನಾವು ಅಭ್ಯಾಸ ಮಾಡಿರಲಿಲ್ಲ.

"ಕೋಣೆಯಲ್ಲಿ ನೀವು ಒಬ್ಬರೇ ಇದ್ದೀರಿ ತಾನೇ?"

ಪ್ರಶ್ನೆ ಯಾವುದೇ ಇರಲಿ, ಸತ್ಯವನ್ನೇ, ಪೂರ್ಣ ವಾಕ್ಯದಲ್ಲಿ, ಏನನ್ನೂ ಬಿಡದೆ ಹೇಳಬೇಕೆಂದು ಆ ಹುಡುಗಿಗೆ ನಾನೇ ಕಲಿಸಿದ್ದೆ. ಅವಳು ಎಡದಿಂದ ಬಲಕ್ಕೆ ಕ್ರಮವಾಗಿ ನೋಡಿ, ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲದೆ ಉತ್ತರಿಸಿದಳು.

ಉತ್ತರ ಮುಗಿದಾಗ ಆ ಮೇಡಮ್ ತೆರೆಯಿಂದ ಕೆಲಹೊತ್ತು ಕಾಣೆಯಾದರು. ಅವರ ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತಂತೆ. ಮರಳಿ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ವಾರ್ಡಿನಲ್ಲಿ ಇರುವುದನ್ನು ಇರುವ ಹಾಗೆಯೇ ವರದಿ ಮಾಡುವ ನರ್ಸುಗಳು ತಮಗೆ ಸಿಗುವುದಿಲ್ಲ ಎಂದರು. ಉಳಿದ ಪ್ರಶ್ನೆಗಳು ಸುಲಭವಾಗಿದ್ದವು, ಯಂತ್ರ ಕೊನೆಯವರೆಗೂ ಆರಲಿಲ್ಲ. ಹುಡುಗಿ ಈಗ ಅಲ್ಲಿ ಕೆಲಸದಲ್ಲಿದ್ದಾಳೆ.

ಅವಳು ಕೊಟ್ಟ ಉತ್ತರವನ್ನು ಕನ್ನಡದಲ್ಲಿ, ಏನನ್ನೂ ಬಿಡದೆ ಕೊಡುತ್ತೇನೆ:

"ಇಲ್ಲ ಮೇಡಮ್, ನಾನು ಒಬ್ಬಳೇ ಇಲ್ಲ. ಈ ಕೋಣೆಯಲ್ಲಿ ಹಾಜರಿರುವವರು: ಗೋಡೆಗೆ ಒರಗಿ ಅಳುತ್ತಿರುವ ನನ್ನ ಅಮ್ಮ ಗಿರಿಜಾ, ಅವರ ಪಕ್ಕದಲ್ಲಿ ಜಪಸರ ಹಿಡಿದಿರುವ ಸಿಸ್ಟರ್ ಬೆನೆಡಿಕ್ಟಾ, ಕಿಟಕಿಯ ಬಳಿ ಇಂಟರ್ನೆಟ್ ಡಬ್ಬವನ್ನು ತಲೆಯ ಮೇಲೆ ಎತ್ತಿ ಹಿಡಿದಿರುವ ಇಕ್ಬಾಲ್, ಒಡೆಯದ ತೆಂಗಿನಕಾಯಿಯೊಂದಿಗೆ ದಾಮೋದರ ಆಚಾರ್ಯ, ಬಾಳೆಹಣ್ಣಿನ ತಟ್ಟೆಯೊಂದಿಗೆ ಅವರ ಹೆಂಡತಿ ಕಮಲಾ, ಮತ್ತು ಮೇಜಿನ ಕೆಳಗೆ ಅಂಗಾಲು ಮೇಲೆ ಮಾಡಿ ಬೋರಲಾಗಿ ಮಲಗಿ, ಎರಡೂ ಕೈಯಲ್ಲಿ ಪ್ಲಗ್ ಒತ್ತಿ ಹಿಡಿದಿರುವ, ನನಗೆ ಇಂಗ್ಲಿಷನ್ನೂ ಶಿಸ್ತನ್ನೂ ಕಲಿಸಿದ ಮಿಸ್ ಸುಮತಿ."