ಆರು ಲೋಟದ ಬೀಗರು

ಉಗುಳುವುದೂ ಒಂದು ವಿದ್ಯೆ ಎಂದು ಐವತ್ತಾರು ವರ್ಷ ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ಕುಣಿಗಲ್ಲಿನ ನಮ್ಮ ಮನೆಯಲ್ಲಿ ಬಾಯಿಗೆ ಹೋದದ್ದು ಆಚೆ ಬರುವ ಪದ್ಧತಿಯೇ ಇರಲಿಲ್ಲ. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತಿರುವಿ, ಆ ನೀರನ್ನೂ ಕುಡಿದೇ ಏಳಬೇಕು. "ಪ್ರಸಾದ ಕಣೋ, ಕೆಡಿಸ್ಬಾರ್ದು" ಎಂದು ಅಜ್ಜಿ ಎದುರಿಗೇ ಕೂತಿರುತ್ತಿದ್ದರು. ಅಜ್ಜಿ ಹೋದರೂ ಬೆರಳು ಮರೆತಿಲ್ಲ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನಾನು ತಟ್ಟೆ ತೊಳೆದು ಕುಡಿಯುವುದನ್ನು ಕಂಡ ಹೊಸ ಎಂಜಿನಿಯರ್ ಒಬ್ಬ, ಪಾಪ, ತನ್ನ ಮುದ್ದೆಯನ್ನು ನನ್ನ ಕಡೆ ತಳ್ಳಿದ್ದ. ನಾನೂ ಬೇಡ ಅನ್ನಲಿಲ್ಲ.

ತುಮಕೂರಿನ ಪಕ್ಕದ ವಸಂತನರಸಾಪುರದ ಆ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಚೆಕ್ಕಿಂಗ್. ನೊರೆಯೇಳುವ ವೈನ್ ಬಾಟಲಿಗೆ ಬರೀ ಬಿರಡೆ ಹಾಕಿದರೆ ಅದು ಹಾರಿ ಸೂರಿಗೆ ಬಡಿಯುತ್ತದಂತೆ. ಹಾರದ ಹಾಗೆ ಅದರ ತಲೆಗೆ ತಂತಿಯ ಟೋಪಿ ಕಟ್ಟುತ್ತಾರೆ. ಆ ಟೋಪಿ ಮಾಡುವವರು ನಾವು. ಹನ್ನೊಂದು ವರ್ಷದಿಂದ ಟೋಪಿ ಅಳೆಯುತ್ತಿದ್ದೇನೆ, ಒಳಗಿರುವುದನ್ನು ಮೂಸಿದವನಲ್ಲ. ಹೀಗಿರುವಾಗ ನಮ್ಮಿಂದ ಟೋಪಿ ಕೊಳ್ಳುವ ಇಟಲಿಯ ಮುದುಕರೊಬ್ಬರು ಬಂದರು. ಮುತ್ತಾತನ ಕಾಲದಿಂದ ಅವರ ಮನೆಯಲ್ಲಿ ಇದೇ ಕಸುಬು: ವೈನನ್ನು ಬಾಟಲಿಯಲ್ಲೇ ಎರಡನೇ ಸಲ ಹುದುಗಿಸುವುದು, ಪ್ರತಿ ಬಾಟಲಿಯನ್ನೂ ದಿನಕ್ಕಿಷ್ಟಿಷ್ಟು ಕೈಯಲ್ಲೇ ತಿರುಗಿಸುವುದು. ನಮ್ಮ ತಂತಿ ಎಂಥದ್ದನ್ನು ಕಾಯುತ್ತಿದೆ ಎಂದು ನಮಗೂ ತಿಳಿಯಲಿ ಅಂತ ಆರು ಬಗೆ ತಂದಿದ್ದರು.

ರುಚಿ ನೋಡಲು ಮ್ಯಾನೇಜರ್ ನನ್ನನ್ನೇ ಕರೆದರು. "ಸಾರ್, ನಾನು ಕುಡಿಯಲ್ಲ. ಅದೂ ಅಲ್ದೆ ನಾಲ್ಕು ಗಂಟೆಗೆ ಮಗಳನ್ನ ನೋಡೋಕೆ ಬರ್ತಾವ್ರೆ" ಎಂದೆ.

ನಮ್ಮ ಕುಣಿಗಲ್ ಕಡೆಯ ಅಮೃತೂರಿನವರೇ ಆದ ಮ್ಯಾನೇಜರ್ ಸಮಾಧಾನವಾಗಿ ಹೇಳಿದರು: "ಇದು ಕುಡಿಯೋದಲ್ಲ ಕಣ್ರೀ, ಬಾಯಲ್ಲಿ ಆಡ್ಸಿ ಬಕೆಟ್‌ಗೆ ಉಗಿಯೋದು. ಕುಡಿಯೋರ್ನ ಕೂರ್ಸಿದ್ರೆ ಒಬ್ನೂ ಉಗಿಯಲ್ಲ. ಅದಕ್ಕೇ ನೀವು."

ಇದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಆದರೂ ನಾಲ್ಕು ಗಂಟೆಯ ಚಿಂತೆ ಹೋಗಲಿಲ್ಲ. ಮಗಳು ಸಹನಾಳನ್ನು ಆಗಲೇ ಮೂರು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, "ಯಾಕೋ ಕೂಡಿ ಬರ್ಲಿಲ್ಲ" ಎಂದಿದ್ದರು. ನಾನಂತೂ ನನ್ನ ಕರ್ತವ್ಯದಲ್ಲಿ ಕಡಿಮೆ ಮಾಡಿರಲಿಲ್ಲ. ಎರಡು ಪುಟದ ಪ್ರಶ್ನೆಪಟ್ಟಿ ಹಿಡಿದು ಪ್ರತಿ ಹುಡುಗನನ್ನೂ ಟೋಪಿಯಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದೆ. ಈಗ ಬರುವವರು ಗುಬ್ಬಿ ತಾಲ್ಲೂಕಿನ ಕಡಬದವರು. ಹೆಣ್ಣಿನ ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ ಎಂದು ಬ್ರೋಕರನನ್ನು ಮೂರು ಸಲ ಕೇಳಿದ್ದರು. ಹುಡುಗ ಫೋಟೋದಲ್ಲೇ ಸಹನಾಗೆ ಹಿಡಿಸಿದ್ದ. "ರೀ, ಇದೂ ತಪ್ಪಿದ್ರೆ ನಿಮ್ಮ ಜೊತೆ ಮಾತು ಬಿಟ್ಬಿಡ್ತೀನಿ" ಎಂದಿದ್ದಳು ನನ್ನ ಹೆಂಡತಿ ಗಿರಿಜಾ.

ಮುದುಕರು ಮೊದಲನೆಯದನ್ನು ಇಬ್ಬರ ಲೋಟಕ್ಕೂ ಬಗ್ಗಿಸಿದರು, ಮೂಸಿದರು, ಬಾಯಲ್ಲಿ ಗುಳುಗುಳು ಅನ್ನಿಸಿ ಬಕೆಟ್ಟಿಗೆ ಅಚ್ಚುಕಟ್ಟಾಗಿ ಉಗುಳಿದರು. ನಾನೂ ಬಾಯಿಗೆ ಹಾಕಿಕೊಂಡೆ. ಒಳಗೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಶುರುವಾಯಿತು. ಬಕೆಟ್ಟಿನ ಮೇಲೆ ಬಗ್ಗಿದವನು ತಲೆಯೆತ್ತಿ ನೋಡಿದರೆ ಎದುರಿಗೇ ಮುದುಕರು. ಮಾಡಿದವರ ಮುಂದೆಯೇ ಮಾಡಿದ್ದನ್ನು ಉಗುಳುವುದೇ? ಬಾಯಿ ತೆರೆಯಲಿಲ್ಲ, ಗಂಟಲು ತೆರೆಯಿತು. ಸಾಲದ್ದಕ್ಕೆ ಕೈ ತಾನಾಗಿ ಲೋಟಕ್ಕೆ ನೀರು ಹಾಕಿ, ಬೆರಳಲ್ಲಿ ತಿರುವಿ, ಅದನ್ನೂ ಕುಡಿಸಿತು.

ಮ್ಯಾನೇಜರ್ ಬೆವರುತ್ತಾ ನಮ್ಮ ಪದ್ಧತಿಯನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಮುದುಕರ ಕಣ್ಣು ತುಂಬಿತು. ಇಷ್ಟು ವರ್ಷ ಕೈಯಾರೆ ಬಾಟಲಿ ತಿರುಗಿಸಿದ್ದರಂತೆ. ರುಚಿ ಬಲ್ಲವರೆಲ್ಲ ಉಗುಳಿದವರೇ, ಲೋಟ ತೊಳೆದು ಕುಡಿದವನು ನಾನೊಬ್ಬನೇ ಅಂತೆ. ನನ್ನನ್ನು ತಬ್ಬಿಕೊಂಡು ಎರಡನೆಯದನ್ನು ಬಗ್ಗಿಸಿದರು. ಪ್ರೀತಿ ಹೆಚ್ಚಿದ ಹಾಗೆ ಅಳತೆಯೂ ಹೆಚ್ಚಿತು. ಮೂರನೆಯದು ಹೇಗಿದೆ ಎಂದು ಕೇಳಿದಾಗ "ಹುಳಿ ಬಂದ ದೋಸೆ ಹಿಟ್ಟು" ಎಂದೆ, ಅದನ್ನೂ ಬರೆದುಕೊಂಡರು. ಆರನೆಯದರ ಬಗ್ಗೆ ಏನಂದೆನೋ ನೆನಪಿಲ್ಲ.

ಕಂಪನಿ ಕಾರು ನನ್ನನ್ನು ತುಮಕೂರಿನ ಮನೆ ಮುಂದೆ ಇಳಿಸಿತು. ಗಿರಿಜಾ ಒಮ್ಮೆ ಮೂಸಿ, ನನ್ನ ಬಾಯಿಗೆ ಒಂದು ಹಿಡಿ ಏಲಕ್ಕಿ ತುಂಬಿದಳು. ಅಷ್ಟರಲ್ಲಿ ಕಡಬದವರು ಬಂದೇ ಬಿಟ್ಟರು. ಪ್ರಶ್ನೆಪಟ್ಟಿ ತೆಗೆದೆ, ಅಕ್ಷರಗಳು ಒಂದು ಕಡೆ ನಿಲ್ಲಲಿಲ್ಲ. ಮಡಿಸಿಟ್ಟು, ಹುಡುಗನ ತಾಯಿಯನ್ನು ತೆಂಗಿನ ಫಸಲಿನ ಬಗ್ಗೆ ಕೇಳಿದೆ, ಹುಡುಗನಿಗೆ ಕೈಯಾರೆ ಒಬ್ಬಟ್ಟು ಬಡಿಸಿದೆ, ಅಜ್ಜಿಯ ಕಥೆ ಹೇಳಿ ನಾನೇ ನಕ್ಕೆ. ನಡುನಡುವೆ ತೇಗು. "ಗ್ಯಾಸು" ಎನ್ನುತ್ತಿದ್ದಳು ಗಿರಿಜಾ. ಕೊನೆಗೆ ಹುಡುಗನ ತಂದೆಯ ಕೈ ಹಿಡಿದು, "ಇವಳು ಹೋದ್ರೆ ನಂಗೆ ಮನೇಲಿ ಇರೋಕಾಗಲ್ಲ ಯಜಮಾನ್ರೇ, ಚೆನ್ನಾಗಿ ನೋಡ್ಕೊಳ್ಳಿ" ಎಂದು ಅತ್ತುಬಿಟ್ಟೆ. ಕಾಫಿ ತಂದ ಸಹನಾ ಬಾಗಿಲಲ್ಲೇ ನಿಂತಿದ್ದಳು. ಅವಳೆಂದರೆ ನನಗೆ ಪ್ರಾಣ. ಅದನ್ನು ಅವಳ ಮುಂದೆ ಅಂದದ್ದು ಅದೇ ಮೊದಲು.

ಮಾರನೇ ದಿನ ಬ್ರೋಕರ್ ಫೋನ್ ಮಾಡಿದ: "ಒಪ್ಕೊಂಡವ್ರೆ ಸಾರ್. ಹುಡ್ಗಿ ಸರಿ, ಅದಕ್ಕಿಂತ ನೀವು ಹಿಡಿಸ್ಬಿಟ್ರಿ. ಎಂಥಾ ಮನ್ಸು ಬಿಚ್ಚಿ ಮಾತಾಡೋ ಮನುಷ್ಯ ಅಂತಾವ್ರೆ."

ಆಮೇಲೆ ಗಿರಿಜಾ ಬಾಯಿಬಿಟ್ಟಳು. ಹಿಂದಿನ ಮೂರೂ ಕಡೆಯವರು ಒಂದೇ ಮಾತು ಹೇಳಿ ಕಳಿಸಿದ್ದರಂತೆ: ಹುಡುಗಿ ಚಿನ್ನ, ಆದರೆ ಆ ಅಪ್ಪನ ಜೊತೆ ನೆಂಟಸ್ತನ ನಮ್ಮ ಕೈಲಾಗಲ್ಲ. "ನೀವು ನೊಂದ್ಕೋತೀರ ಅಂತ ಹೇಳಿರ್ಲಿಲ್ಲ" ಎಂದಳು.

ಬರುವ ಸೋಮವಾರ ಕಡಬಕ್ಕೆ ಹೋಗಿ ಅವರ ಮನೆ ನೋಡಿ ಬರಬೇಕು. ನಾನು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. "ಹಾಗಲ್ಲಪ್ಪ, ಅವತ್ತಿನ ಥರ" ಎಂದು ಸಹನಾ ತಿದ್ದುತ್ತಾಳೆ. ಅವರು ಒಪ್ಪಿಕೊಂಡ ಹೆಣ್ಣು ನಮ್ಮ ಮನೆಯಲ್ಲೇ ಇದ್ದಾಳೆ. ಅವರು ಒಪ್ಪಿಕೊಂಡ ಬೀಗರನ್ನು ನಾನು ಎಲ್ಲಿಂದ ತರಲಿ?