ಸರಿ ಮಾಡಲಿಕ್ಕಿದ್ದ ಸೈಕಲ್

ಜಿತೇಂದ್ರ ತೀರಿಕೊಂಡ ಸುದ್ದಿ ಕಾಪು ಪೇಟೆಗೆ ತಲುಪಿದ ದಿನ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾವ ಗೋಡೆಯಿಂದ ಬಿದ್ದ?

ಗೋಡೆಯಿಂದ ಬೀಳಲಿಲ್ಲ, ಇಲಿಜ್ವರ ಬಂತು, ಮಣಿಪಾಲದ ಆಸ್ಪತ್ರೆಯಲ್ಲಿ ಹೋದ ಎಂದು ಸೋದರಮಾವ ಕೂಸಪ್ಪ ಬಂದವರಿಗೆಲ್ಲ ಹೇಳಿ ಹೇಳಿ ಸೋತ. ಕೇಳಿದವರ ಮುಖದಲ್ಲಿ ದುಃಖದ ಜೊತೆಗೆ ಸ್ವಲ್ಪ ನಿರಾಸೆಯೂ ಕಾಣುತ್ತಿತ್ತು. ತಪ್ಪು ಅವರದೂ ಅಲ್ಲ. ಸೈಕಲ್ಲನ್ನು ಆಡಿನ ಹಾಗೆ ಗೋಡೆ ಹತ್ತಿಸುವ, ಮಣಿಪಾಲದ ಮೆಟ್ಟಿಲುಗಳನ್ನು ಒಂದೇ ಚಕ್ರದ ಮೇಲೆ ಕುಪ್ಪಳಿಸುತ್ತ ಇಳಿಯುವ, ಕಾಪುವಿನ ದೀಪಸ್ತಂಭದ ಬಳಿ ಬಂಡೆಯಿಂದ ಬಂಡೆಗೆ ಹಾರುವ ಹುಡುಗ ಮಂಚದ ಮೇಲೆ ಮಲಗಿ ಸತ್ತನೆಂದರೆ ಊರು ನಂಬುವುದು ಹೇಗೆ?

ಆ ಸೈಕಲ್ಲಿನ ಮೇಲೆ ಕೂಸಪ್ಪನಿಗೆ ಮೊದಲಿನಿಂದಲೂ ಸಿಟ್ಟು. ಅದಕ್ಕೆ ಸೀಟೇ ಇರಲಿಲ್ಲ. ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ. ಜಿತೇಂದ್ರ ಅದನ್ನು ನಿಂತೇ ಬಿಡುತ್ತಿದ್ದ. "ಕೂತುಕೊಳ್ಳಲಿಕ್ಕಾಗದ್ದು ಎಂತ ಸೈಕಲ್ ಮಾರಾಯ" ಎಂದು ಮಾವ ಬೈದರೆ ಅಳಿಯ ನಗುತ್ತಿದ್ದ. ಭಾನುವಾರ ಬಂದರೆ ಅಂಗಳದಲ್ಲಿ ಅದನ್ನು ಪೂರ್ತಿ ಬಿಚ್ಚಿ ಹರಡುವುದು, ಗೆಳೆಯರಾದ ಹೆರಾಲ್ಡ್ ಮತ್ತು ಮುತ್ತುರಾಜ ಬಂದ ಮೇಲೆ ಜೋಡಿಸುವುದು, ಮೂವರೂ ಹೋಗಿ ಎಲ್ಲಿಯಾದರೂ ಹಾರಿಸುವುದು, ಮುರಿದುಕೊಂಡು ಬಂದು ಪುನಃ ಬಿಚ್ಚುವುದು. ಹಾರುವುದನ್ನು ಕೂಸಪ್ಪ ಒಂದು ಸಲವೂ ನೆಟ್ಟಗೆ ನೋಡಿದವನಲ್ಲ. ಚಕ್ರ ನೆಲ ಬಿಟ್ಟ ಕೂಡಲೇ ಅವನು ಕಣ್ಣು ಮುಚ್ಚಿ ರಾಮನಾಮ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ಕೊನೆಗೆ ಹುಡುಗ ಆಡಿದ ಮಾತೂ ಆ ಸೈಕಲ್ಲಿನದೇ.

"ಮಾವ, ಆ ಸೈಕಲ್ ಒಂದು ಸರಿ ಮಾಡ್ಲಿಕ್ಕುಂಟು."

"ನಾನು ಮಾಡಿಸ್ತೇನೆ. ನೀನು ಈಗ ಮಲಗು."

ಹುಡುಗ ಮಲಗಿದ. ಮತ್ತೆ ಏಳಲಿಲ್ಲ.

ಹದಿಮೂರನೆಯ ದಿನದ ಕ್ರಿಯೆಗೆ ಇಲ್ಲಿಯವರು ಬೊಜ್ಜ ಎನ್ನುತ್ತಾರೆ. ಬೊಜ್ಜದ ಹಿಂದಿನ ದಿನ ಬೆಳಿಗ್ಗೆ ಚಪ್ಪರ ಹಾಕುವುದನ್ನು ನೋಡಲು ಬಂದ ಊರಿನ ಹಿರಿಯರಾದ ಗುರಿಕಾರರು, ಹೋದವನ ಆಸೆ ಏನಾದರೂ ಬಾಕಿ ಇದ್ದರೆ ನಾಳೆಯೊಳಗೆ ತೀರಿಸಿಬಿಡಿ, ಇಲ್ಲವಾದರೆ ಜೀವಕ್ಕೆ ಹಾದಿ ಸಿಗುವುದಿಲ್ಲ ಎಂದು ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೋದರು. ಕೂಸಪ್ಪ ನೇರ ಸೈಕಲ್ಲಿನ ಬಳಿಗೆ ಹೋದ. ದುಃಖದಲ್ಲಿ ಸೈಕಲ್ಲನ್ನು ಅವನು ಮುಟ್ಟಿಯೂ ಇರಲಿಲ್ಲ.

ಯಾರನ್ನು ಕೇಳುವುದು? ತಂಗಿ ಅಪ್ಪಿ, ಹುಡುಗನ ತಾಯಿ, ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಅನ್ನವನ್ನೂ ಮುಟ್ಟುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ಗೆಳೆಯರಿಬ್ಬರನ್ನು ಕೇಳಲು ಕೂಸಪ್ಪನಿಗೆ ಮನಸ್ಸಿಲ್ಲ. ಸೈಕಲ್ಲನ್ನು ಈ ಗತಿಗೆ ತಂದವರೇ ಅವರು ಎಂಬುದು ಅವನ ನಂಬಿಕೆ. ಹಾಗಾಗಿ ಸ್ವಂತ ಬುದ್ಧಿಯ ಮೇಲೆಯೇ ಹೊರಟ.

ಹೊರಟದ್ದು ಹತ್ತು ಮಾರು ದೂರ. ಅಳಿಯನ ಹಾಗೆ ಪೆಡಲಿನ ಮೇಲೆ ನಿಂತು ಎರಡು ಸುತ್ತು ತುಳಿದು, ಎದುರಿಗೆ ಕೋಳಿ ಬಂತೆಂದು ಬ್ರೇಕಿಗೆ ಬೆರಳು ತಾಗಿಸಿದ. ಸೈಕಲ್ ನಿಂತಿತು, ಕೂಸಪ್ಪ ನಿಲ್ಲಲಿಲ್ಲ. ಪಕ್ಕದ ಮನೆಯ ವೆರೊನಿಕಾ ಒಣಗಲು ಹರವಿದ್ದ ಮೀನಿನ ಮೇಲೆ ಅಡ್ಡಡ್ಡ ಬಿದ್ದ.

ವೆರೊನಿಕಾ ಹೊರಗೆ ಬಂದು ಮೊದಲು ಮೀನನ್ನು, ಆಮೇಲೆ ಕೂಸಪ್ಪನನ್ನು ನೋಡಿದಳು. ಬ್ರೇಕು ಹುಚ್ಚುನಾಯಿಯ ಹಾಗೆ ಕಚ್ಚುತ್ತದೆ, ಅದನ್ನು ಮೊದಲು ಸಡಿಲ ಮಾಡಿಸಿ, ಸೀಟು ಹಾಕಿಸಿ, ಉದ್ಯಾವರದ ವಲೇರಿಯನ್ ತನ್ನ ಚಿಕ್ಕಪ್ಪನ ಮಗ, ತನ್ನ ಹೆಸರು ಹೇಳಿ ಎಂದಳು. ಅಷ್ಟಕ್ಕೆ ಬಿಡದೆ ರಿಕ್ಷಾ ಕರೆದು ಸೈಕಲ್ಲನ್ನೂ ಕೂಸಪ್ಪನನ್ನೂ ಒಟ್ಟಿಗೆ ಅದರಲ್ಲಿ ತುರುಕಿದಳು. ಕೂಸಪ್ಪ ಉದ್ಯಾವರದವರೆಗೂ ಒಣಮೀನಿನ ವಾಸನೆ ಹರಡುತ್ತ ಹೋದ.

ವಲೇರಿಯನ್ ಹಳೆಯ ಕಾಲದ ಸೈಕಲ್ ಶಾಪಿನವನು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ವೈದ್ಯ ನಾಲಿಗೆ ನೋಡುವ ಹಾಗೆ ಚಕ್ರ ನೋಡಿದ. ರಿಮ್ಮಿನ ಸುತ್ತಲೂ ಯಾರೋ ಗೀಚಿ ಗೀಚಿ ಗೆರೆ ಎಳೆದಿದ್ದರು. ಅದರ ಮೇಲೆ ಡಾಂಬರು ಬೇರೆ ಮೆತ್ತಿದ್ದರು.

"ಇದು ಹಗೆಯವರ ಕೆಲಸ ಕೂಸಪ್ಪಣ್ಣ," ಎಂದ.

ಹಗೆ ಎಂಬ ಮಾತು ಕೇಳಿ ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ಬಂದರು. ಸತ್ತವನ ಸೈಕಲ್ ಎಂದು ತಿಳಿದ ಮೇಲೆ ಸುಮ್ಮನೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬ ಸ್ಟ್ಯಾಂಡ್ ಬೇಕೆಂದ. ಕ್ಯಾರಿಯರ್ ಇಲ್ಲದಿದ್ದರೆ ಮನೆಗೆ ಉಪಯೋಗವಿಲ್ಲ ಎಂದು ಇನ್ನೊಬ್ಬ. ಮಡ್‌ಗಾರ್ಡಿನ ವಿಷಯದಲ್ಲಿ ಇಬ್ಬರಿಗೆ ಸಣ್ಣ ಜಗಳವೇ ಆಯಿತು. ಕೂಸಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಸ್ಟ್ಯಾಂಡು, ಕ್ಯಾರಿಯರು, ಜೊತೆಗೆ ಒಂದು ಬೆಲ್ಲೂ ಬಂತು. ವಲೇರಿಯನ್ ಡಾಂಬರನ್ನು ಸೀಮೆಎಣ್ಣೆಯಲ್ಲಿ ತೊಳೆದ, ರಿಮ್ಮನ್ನು ಅರದಿಂದ ಉಜ್ಜಿ ಮುಖ ಕಾಣುವಷ್ಟು ನುಣುಪು ಮಾಡಿದ, ಬ್ರೇಕನ್ನು ಸಡಿಲಿಸಿದ. ಎದುರಿನ ವೆಲ್ಡಿಂಗ್ ಶಾಪಿನಲ್ಲಿ ಚೌಕಟ್ಟಿಗೆ ಪೈಪು ಕೂಡಿಸಿ ಅಗಲವಾದ ಸೀಟು ಕೂರಿಸಿದ್ದಾಯಿತು. ಆ ಗಿಡ್ಡ ಸೈಕಲ್ಲಿಗೆ ಆ ಸೀಟು ಕರುವಿನ ಬೆನ್ನ ಮೇಲೆ ಅಂಬಾರಿ ಇಟ್ಟ ಹಾಗೆ ಕಂಡಿತು. ಆದರೂ ಅದು ಸೈಕಲ್ ಎಂದು ಈಗ ಯಾರು ಬೇಕಾದರೂ ಹೇಳಬಹುದಿತ್ತು.

ಕೂಸಪ್ಪ ಅದರ ಮೇಲೆ ಕೂತು ಮನೆಗೆ ಹೊರಟ. ಗಾಳಿ ಬೀಸುತ್ತಿತ್ತು. ಹುಡುಗನ ಮಾತು ಉಳಿಸಿದೆ ಎಂಬ ಸಮಾಧಾನಕ್ಕೆ, ಅವನು ಹೋದ ಮೇಲೆ ಮೊದಲ ಬಾರಿಗೆ ಕೂಸಪ್ಪನಿಗೆ ಉಸಿರು ಸಲೀಸಾಗಿ ಆಡಿತು. ಮನೆಯ ಅಂಗಳಕ್ಕೆ ತಿರುಗಿ ಬ್ರೇಕು ಹಿಡಿದ. ಬ್ರೇಕು ನುಣ್ಣಗಿನ ರಿಮ್ಮನ್ನು ಸವರಿತೇ ಹೊರತು ಹಿಡಿಯಲಿಲ್ಲ. ಬೆಲ್ಲು ಮಾತ್ರ ಚೆನ್ನಾಗಿ ಬಡಿಯಿತು. ಬೆಲ್ಲು ಬಾರಿಸುತ್ತಲೇ ಹೋಗಿ ಕೂಸಪ್ಪ ಚಪ್ಪರದ ಕಂಬಕ್ಕೆ ಹೊಡೆದ. ಒಂದು ಮೂಲೆ ಕುಸಿದು ನೀಲಿ ಟಾರ್ಪಾಲು ಅವನ ತಲೆಯ ಮೇಲೆ ಬಂದು ಕೂತಿತು. ಚಪ್ಪರದವರು ಅವನನ್ನು ಬಲೆಯಿಂದ ಮೀನು ಬಿಡಿಸಿದ ಹಾಗೆ ಬಿಡಿಸಿ ಹೊರಗೆ ತೆಗೆದರು.

ಬೆಲ್ಲಿನ ಸದ್ದಿಗೇ ಸ್ವಲ್ಪ ತೆರೆದಿದ್ದ ಒಳಕೋಣೆಯ ಕಿಟಕಿ ಮತ್ತೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಪ್ಪಿ ಎದ್ದು ಕೂತು ಒಂದು ಬಟ್ಟಲು ಗಂಜಿ ಕುಡಿದಳೆಂದು ಒಳಗಿನಿಂದ ಸುದ್ದಿ ಬಂತು. ಅದು ತಾನು ಕೊಟ್ಟ ಉಪ್ಪಿನಕಾಯಿಯ ಗುಣ ಎಂದು ವೆರೊನಿಕಾ ಬಂದವರಿಗೆಲ್ಲ ಹೇಳಿದಳು.

ಮಧ್ಯಾಹ್ನದ ಮೇಲೆ ಗೆಳೆಯರು ಬಂದರು. ಹೆರಾಲ್ಡ್ ಸಂತೆಕಟ್ಟೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಮುತ್ತುರಾಜ ಕೊಪ್ಪಳದ ಕಡೆಯವನು, ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ಕಾರ್ಕಳದಲ್ಲಿ ಕೆಲಸ ಮುಗಿಸಿ, ಕಲ್ಲು ಕೊಯ್ಯುವ ಗ್ರೈಂಡರನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ. ಇಬ್ಬರೂ ಸೈಕಲ್ಲಿನ ಎದುರು ನಿಂತರು. ಮುತ್ತುರಾಜ ಬೆಲ್ಲನ್ನು ಒಮ್ಮೆ ಒತ್ತಿ, ಬಿಸಿ ತಾಗಿದವನ ಹಾಗೆ ಕೈ ತೆಗೆದ.

"ಮಾವಾರ, ಇದನ್ನ ಹಿಂಗ ಯಾರು ಮಾಡಿದ್ರು?"

"ನಾನೇ ಸರಿ ಮಾಡಿಸಿದ್ದು. ಅವನು ಹೇಳಿ ಹೋಗಿದ್ದ."

"ಚಲೋ ಮಾಡೀರಿ," ಎಂದ ಮುತ್ತುರಾಜ. ಹೇಳಿ ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ.

ವಿಷಯ ತಿಳಿಸುವ ಕಷ್ಟ ಹೆರಾಲ್ಡನ ಪಾಲಿಗೆ ಬಂತು. ಈ ಜಾತಿಯ ಸೈಕಲ್ ಕೂತುಕೊಳ್ಳಲಿಕ್ಕೆ ಇರುವುದಲ್ಲ, ಸೀಟು ಇದ್ದರೆ ಹಾರುವಾಗ ಹೊಟ್ಟೆಗೆ ಹೊಡೆಯುತ್ತದೆ, ಅದನ್ನು ಕೊಯ್ದು ತೆಗೆದವನು ಜಿತೇಂದ್ರನೇ ಎಂದು ಅವನು ನೆಲ ನೋಡುತ್ತ ಹೇಳಿದ. ರಿಮ್ಮಿನ ಗೆರೆಗಳನ್ನೂ ಅವನೇ ಗ್ರೈಂಡರಿನಲ್ಲಿ ಒಂದೊಂದಾಗಿ ಎಳೆದದ್ದು. ಗೆರೆ ಇದ್ದರೆ, ಮೇಲೆ ಡಾಂಬರು ಇದ್ದರೆ ಬ್ರೇಕು ಗಪ್ಪನೆ ಹಿಡಿಯುತ್ತದೆ. ಗೋಡೆಯ ಅಂಚಿನಲ್ಲಿ ಜೀವ ಉಳಿಸುವುದು ಅದೇ.

"ಅವನ ಕೈಕೆಲಸ ಅಂತ ಉಳಿದದ್ದು ಅದೊಂದೇ, ಮಾವ," ಎಂದ ಹೆರಾಲ್ಡ್.

ಕೂಸಪ್ಪ ಜಗಲಿಯಲ್ಲಿ ಕೂತ. ಸುಟ್ಟು ಬೂದಿ ಮಾಡಿ ಬಂದ ಮೇಲೆಯೂ ಹುಡುಗನದೆಂದು ಏನು ಉಳಿದಿತ್ತೋ ಅದನ್ನು ತಾನು ಉದ್ಯಾವರಕ್ಕೆ ರಿಕ್ಷಾದಲ್ಲಿ ಒಯ್ದು ಸೀಮೆಎಣ್ಣೆಯಲ್ಲಿ ತೊಳೆಸಿಕೊಂಡು ಬಂದೆನಲ್ಲ ಎಂದು ಹಣೆ ಬಡಿದುಕೊಂಡ.

"ತೆಗೀರಿ ಮಾರಾಯರೆ," ಎಂದ. "ಎಲ್ಲ ತೆಗೀರಿ. ಅವನು ಹೇಗೆ ಇಟ್ಟಿದ್ದನೋ ಹಾಗೆಯೇ ಆಗ್ಬೇಕು, ಸಂಜೆ ದೀಪ ಇಡುವುದರೊಳಗೆ."

ಮೂವರೂ ಚಪ್ಪರದ ಅಡಿಯಲ್ಲಿ ಕೂತರು. ಕ್ಯಾರಿಯರ್ ಹೋಯಿತು, ಸ್ಟ್ಯಾಂಡ್ ಹೋಯಿತು, ಬೆಲ್ಲು ಹೋಯಿತು. ಮುತ್ತುರಾಜ ಗ್ರೈಂಡರ್ ಹಿಡಿದು ಸೀಟಿನ ಪೈಪನ್ನು ಬುಡದಲ್ಲೇ ಕೊಯ್ದ, ರಿಮ್ಮಿಗೆ ಪುನಃ ಗೆರೆ ಎಳೆದ. ಹೆರಾಲ್ಡ್ ಬ್ರೇಕು ಬಿಗಿ ಮಾಡಿದ. ಸೂತಕದ ಮನೆಯಲ್ಲಿ ಇದೆಂತ ಗಲಾಟೆ ಎಂದು ಬೈಯಲು ಬಂದ ವೆರೊನಿಕಾ ಐದು ನಿಮಿಷದಲ್ಲಿ ಡಾಂಬರು ಕಾಯಿಸಲು ತೆಂಗಿನ ಗೆರಟೆ ಒಟ್ಟುತ್ತಿದ್ದಳು. ಡಾಂಬರು ಸವರುವ ಕೆಲಸವನ್ನು ಹುಡುಗರು ಕೂಸಪ್ಪನಿಗೇ ಬಿಟ್ಟರು. ದೋಣಿಗೆ ಎಣ್ಣೆ ಬಳಿದು ಪಳಗಿದ ಕೈ ಅದು.

ಕೆಲಸದ ನಡುವೆ ಮಾತು ಬಂತು. ಮಣಿಪಾಲದಲ್ಲಿ ಒಬ್ಬ ವಾಚ್‌ಮನ್ ಕೋಲು ಹಿಡಿದು ಇವರನ್ನು ಮೆಟ್ಟಿಲಿನುದ್ದಕ್ಕೂ ಓಡಿಸಿ, ಕೆಳಗೆ ತಲುಪಿದ ಮೇಲೆ ಏದುಸಿರು ಬಿಡುತ್ತ, ಅದನ್ನೇ ಇನ್ನೊಂದು ಸಲ ಮಾಡಿ, ಮಗನಿಗೆ ವಿಡಿಯೊ ಕಳಿಸಬೇಕು ಎಂದನಂತೆ. ಕಾರ್ಕಳದ ಬಂಡೆಯ ಮೇಲೆ ಇವರನ್ನು ಕಂಡ ಒಬ್ಬಳು ಅಜ್ಜಿ, ಪಾಪ, ಸೀಟು ಕಳ್ಳತನವಾಗಿದೆ ಎಂದುಕೊಂಡು ಊರೆಲ್ಲ ವಿಚಾರಿಸಿದಳಂತೆ. ಕೂಸಪ್ಪ ನಕ್ಕ. ನಕ್ಕವನು ಕದ್ದು ಸಿಕ್ಕಿಬಿದ್ದವನ ಹಾಗೆ ಜಗಲಿಯಲ್ಲಿಟ್ಟಿದ್ದ ಜಿತೇಂದ್ರನ ಫೋಟೋದ ಕಡೆ ನೋಡಿದ.

ಬಿಸಿಲು ಇಳಿಯುವಾಗ ಕೆಲಸ ಮುಗಿಯಿತು. ಸರಿಯಾಗಿದೆಯೋ ನೋಡಲು ಮುತ್ತುರಾಜ ಸೈಕಲ್ ಹತ್ತಿ ಅಂಗಳದಿಂದ ಜಗಲಿಯ ಮೇಲಕ್ಕೆ ಹಾರಿದ. ಚಕ್ರ ಮೊಳೆ ಹೊಡೆದ ಹಾಗೆ ಅಂಚಿನಲ್ಲೇ ನಿಂತಿತು. ಕೂಸಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ಸೈಕಲ್ಲನ್ನು ಒರೆಸಿ ಫೋಟೋದ ಪಕ್ಕದಲ್ಲಿ ಒರಗಿಸಿ, ಹೂವು ಇಟ್ಟು, ಈಗ ಸರಿಯಾಯಿತಲ್ಲ ಮಗನೇ ಎಂದು ಮನಸ್ಸಿನಲ್ಲಿ ಹೇಳಿದ.

ಆಗ ಒಳಗಿನಿಂದ ಅಪ್ಪಿ ದೀಪ ಹಿಡಿದುಕೊಂಡು ತಾನೇ ನಡೆದು ಬಂದಳು. ಎಲ್ಲರೂ ಎದ್ದು ನಿಂತರು. ಅವಳು ದೀಪ ಇಟ್ಟಳು, ಸೈಕಲ್ಲನ್ನು ನೋಡಿದಳು, ಸುತ್ತಮುತ್ತ ಹುಡುಕಿದಳು.

"ಸೀಟು ಎಲ್ಲಿ, ಅಣ್ಣ?"

ಹುಡುಗರು ಕೂಸಪ್ಪನ ಮುಖ ನೋಡಿದರು.

"ಮಧ್ಯಾಹ್ನ ಕಿಟಕಿಯಲ್ಲಿ ನೋಡಿದೆ. ನೀನು ಕೂತುಕೊಂಡು ಬಂದೆ. ಹುಡುಗ ಹೇಳಿಯೇ ಹೋಗಿದ್ದಾನೆ, ಅಣ್ಣನಿಗೆ ಗೊತ್ತುಂಟು ಅಂತ ಜೀವ ತಣ್ಣಗಾಯಿತು."

"ಎಂತ ಹೇಳಿದ್ದು?"

"ಮಾವ ಮಂಡಿ ಹಿಡಿದುಕೊಂಡು ಭಜನೆಗೆ ನಡೆದು ಹೋಗ್ತಾರೆ, ನೋಡ್ಲಿಕ್ಕಾಗುವುದಿಲ್ಲ ಅಂತ. ಇದಕ್ಕೆ ಸೀಟು ಕೂರಿಸಿ, ಬ್ರೇಕು ಮೆತ್ತಗೆ ಮಾಡಿ, ಮಾವನಿಗೆ ಸರಿ ಮಾಡಿ ಕೊಡ್ತೇನೆ, ನನಗೆ ಇನ್ನೊಂದು ಕಟ್ತೇನೆ ಅಂತ. ಜ್ವರ ಬರುವ ಮೊದಲು ದಿನಾ ಅದೇ ಮಾತು."

ಹೆರಾಲ್ಡ್ ಓಡಿಹೋಗಿ ಚಪ್ಪರದ ಮೂಲೆಯಿಂದ ಸೀಟು ತಂದ. ಮುತ್ತುರಾಜ ಚೌಕಟ್ಟಿನ ಬುಡಕ್ಕೆ ಬೆರಳು ಸವರಿ ತಲೆಯಾಡಿಸಿದ. ಕೊಯ್ದ ಜಾಗ ತಗಡಿನಷ್ಟು ತೆಳ್ಳಗಾಗಿತ್ತು. ಇನ್ನೊಮ್ಮೆ ವೆಲ್ಡ್ ಮಾಡಿದರೂ ಮನುಷ್ಯನ ಭಾರ ತಡೆಯುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಕಾಪುವಿನಿಂದ ಉದ್ಯಾವರದವರೆಗೆ ಕೂಸಪ್ಪ ಎಲ್ಲರ ಮಾತನ್ನೂ ಕೇಳಿದ್ದ. ಕೇಳದೆ ಬಿಟ್ಟದ್ದು ಅಪ್ಪಿಯೊಬ್ಬಳನ್ನೇ.

ಅವನು ಸೀಟನ್ನು ಹೆರಾಲ್ಡನ ಕೈಯಿಂದ ತೆಗೆದುಕೊಂಡು ಫೋಟೋದ ಮುಂದೆ ಇಟ್ಟ. ತಂಗಿಯ ಪಕ್ಕದಲ್ಲಿ ನಿಂತು, ಡಾಂಬರು ಅಂಟಿದ ಕೈಗಳನ್ನೇ ಮುಗಿದ.

"ನಾರಾಯಣಾ, ಮಾಡಿದ್ದೂ ಅವನಿಗೋಸ್ಕರ, ಕೆಡಿಸಿದ್ದೂ ಅವನಿಗೋಸ್ಕರ. ನಮ್ಮ ದಡ್ಡತನವನ್ನು ಹುಡುಗನ ಬಾಕಿ ಎಂದು ಎಣಿಸಬೇಡ. ಅವನು ನನಗೆ ಕೊಡಬೇಕೆಂದಿದ್ದು ನನಗೆ ಮುಟ್ಟಿದೆ. ಇನ್ನು ಅವನು ಹಿಂದೆ ತಿರುಗಿ ನೋಡದೆ ನಿನ್ನ ಬಳಿಗೆ ಬರಲಿ. ಆ ಜೀವಕ್ಕೆ ಶಾಂತಿ ಕೊಡು."